ಬೆಂಗಳೂರಿನ ಕ್ಲಾಸು, ಅಂಗಡಿಯ ಗಲ್ಲಾ, ಊರಿನ ಕಾಲೇಜು: ಒಂದೇ ರಾಜ್ಯಶಾಸ್ತ್ರವನ್ನು ಮೂರು ಕಡೆ ಓದಿದ ಲೆಕ್ಕ

ಬಿಎ ಮುಗಿಸಲು ನನಗೆ ಐದು ವರ್ಷ ಹಿಡಿಯಿತು. ಫೇಲಾಗಿ ಅಲ್ಲ, ಮೂರು ಕಡೆ ಸೇರಿದ್ದಕ್ಕೆ. 2016ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಮಾಧ್ಯಮದ ಎಚ್‌ಇಪಿಗೆ ಸೇರಿದೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ವರ್ಷ ಮುಗಿಯುವ ಹೊತ್ತಿಗೆ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಊರಲ್ಲಿ ನಮ್ಮದೊಂದು ದಿನಸಿ ಅಂಗಡಿ. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದೆ. ಸುಮ್ನೆ ಕೂರಬಾರದು ಅಂತ 2017ರಲ್ಲಿ ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ. ಮರುವರ್ಷ ಅಪ್ಪ ಮತ್ತೆ ಗಲ್ಲಾದ ಮೇಲೆ ಕೂತರು. ನಾನು ನಮ್ಮ ತಾಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಕನ್ನಡ ಮಾಧ್ಯಮಕ್ಕೆ, ಮತ್ತೆ ಮೊದಲ ಸೆಮಿಸ್ಟರಿನಿಂದ ಸೇರಿದೆ. 2021ರಲ್ಲಿ ಡಿಗ್ರಿ ಕೈಗೆ ಬಂತು.

ಹಾಗಾಗಿ ರಾಜಕೀಯ ಚಿಂತಕ ರೂಸೋನನ್ನು ಮೂರು ಸಲ ಓದಿದ್ದೇನೆ. ಯಾವ ಕಡೆ ಅರ್ಥವಾದ, ಯಾವ ಕಡೆ ಬರೀ ಬಾಯಿಪಾಠವಾದ ಅಂತ ಹೇಳಬಲ್ಲೆ.

ಮೊದಲು ಬೆಂಗಳೂರು. ಅಲ್ಲಿನ ಲೈಬ್ರರಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಾತ್ರಿ ಎಂಟರವರೆಗೂ ತೆರೆದಿರುತ್ತಿತ್ತು, ಬೇಕಾದ ಪುಸ್ತಕ ಕಪಾಟಿನಲ್ಲೇ ಇರುತ್ತಿತ್ತು. ಒಂದು ಸಲ ನಮ್ಮನ್ನು ವಿಧಾನಸೌಧಕ್ಕೂ ಕರೆದುಕೊಂಡು ಹೋಗಿದ್ದರು. ಬಜೆಟ್ ಅಧಿವೇಶನದ ಸಮಯ. ಪಾಸ್ ತೆಗೆದುಕೊಂಡು ಗ್ಯಾಲರಿಯಲ್ಲಿ ಕೂತು 224 ಸದಸ್ಯರ ಸಭೆಯನ್ನು ನೋಡಿದೆವು. ನಾವು ನೋಡಿದ ಹೊತ್ತಿನಲ್ಲಿ ಅರ್ಧ ಕುರ್ಚಿ ಖಾಲಿ ಇದ್ದವು, ಅದು ಬೇರೆ ಮಾತು. ಊರಿನ ಕಾಲೇಜಿನವರಿಗೆ ಇದೆಲ್ಲ ಸುಲಭಕ್ಕೆ ದಕ್ಕುವುದಿಲ್ಲ.

ಆದರೆ ಕ್ಲಾಸು? ತೊಂಬತ್ತು ಜನ ಹುಡುಗರು, ಒಂದು ಮೈಕು, ಡಿಕ್ಟೇಷನ್. ಪಾಠ ಮಾಡುತ್ತಿದ್ದವರು ತಿಳಿದವರೇ. ಆದರೆ ಪೋರ್ಷನ್ ಮುಗಿಸಬೇಕಲ್ಲ, ನಿಧಾನಕ್ಕೆ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಾನು ಪಿಯುಸಿವರೆಗೂ ಕನ್ನಡದಲ್ಲೇ ಓದಿದವನು. ಪ್ರಶ್ನೆ ಕೇಳಬೇಕು ಅನ್ನಿಸಿದಾಗಲೆಲ್ಲ ಮೊದಲು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಬೇಕು. ಜೋಡಿಸುವಷ್ಟರಲ್ಲಿ ಮುಂದಿನ ಟಾಪಿಕ್ ಬಂದಿರುತ್ತಿತ್ತು. ಆ ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದು ಹಾಜರಿ ಕೂಗಿದಾಗ ಮಾತ್ರ.

ಒಂದು ಉದಾಹರಣೆ ಸಾಕು. ನನ್ನ ಆ ವರ್ಷದ ನೋಟ್ಸಿನಲ್ಲಿ ‘ಎಸ್.ಆರ್. ಬೊಮ್ಮಾಯಿ ಕೇಸು, 1994, ಒಂಬತ್ತು ನ್ಯಾಯಮೂರ್ತಿಗಳ ಪೀಠ, 356ನೇ ವಿಧಿ’ ಅಂತ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೇನೆ. ಪರೀಕ್ಷೆಯಲ್ಲೂ ಬರೆದು ಮಾರ್ಕ್ಸ್ ತೆಗೆದುಕೊಂಡೆ. ಆ ಬೊಮ್ಮಾಯಿ ನಮ್ಮ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ನಗಬೇಡಿ. ಇಂಗ್ಲಿಷಿನಲ್ಲಿ ಅದು ಬರೀ ಒಂದು ‘ಕೇಸ್ ಲಾ’ ಆಗಿತ್ತು.

ಎರಡು ವರ್ಷದ ಮೇಲೆ ಊರಿನ ಕಾಲೇಜಿನಲ್ಲಿ ಅದೇ ಪಾಠ ಹೇಗೆ ಶುರುವಾಯಿತು ಗೊತ್ತಾ? ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, ‘1989ರ ಏಪ್ರಿಲ್‌ನಲ್ಲಿ ನಿಮ್ಮ ಅಪ್ಪಂದಿರು ರೇಡಿಯೋ ಕೇಳ್ತಾ ಇದ್ರು. ನಮ್ಮ ಸರ್ಕಾರ ಬಿತ್ತು ಅಂತ ಸುದ್ದಿ ಬಂತು’ ಅಂದರು. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದದ್ದು, ರಾಜ್ಯಪಾಲರು ಅವಕಾಶ ಕೊಡದೇ ಇದ್ದದ್ದು, 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂದದ್ದು. ಆಮೇಲೆ ಐದು ವರ್ಷ ಕಳೆದು ಸುಪ್ರೀಂ ಕೋರ್ಟು ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನವಾಗಬೇಕು ಅಂದದ್ದು. ನಾನು ಹಿಂದಿನ ಬೆಂಚಿನಲ್ಲಿ ಕೂತು ನಾಚಿಕೆಯಿಂದ ತಲೆ ತಗ್ಗಿಸಿದ್ದೆ.

ಅದಕ್ಕೆ ಮೊದಲು ಅಂಗಡಿಯ ವರ್ಷದ ಬಗ್ಗೆ ಹೇಳಿಬಿಡುತ್ತೇನೆ.

ಇಗ್ನೋ 1985ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಅದರ ಪಾಠದ ಪುಸ್ತಕಗಳನ್ನು ನಾನು ಗಲ್ಲಾದ ಮೇಲೆ ಇಟ್ಟುಕೊಂಡು ಓದಿದೆ. ಹಿಂದಿ ಇಲ್ಲವೇ ಇಂಗ್ಲಿಷ್. ನಾನು ಇಂಗ್ಲಿಷ್ ತೆಗೆದುಕೊಂಡಿದ್ದೆ. ಈ ಸಲ ಯಾರೂ ಅವಸರ ಮಾಡುತ್ತಿರಲಿಲ್ಲ. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಆದರೂ ಕೇಳುವವರಿಲ್ಲ. ಗಿರಾಕಿ ಬಂದರೆ ಎದ್ದು ಅರ್ಧ ಕೆಜಿ ಬೇಳೆ ತೂಗಿ ಮತ್ತೆ ಕೂರುವುದು. ನಾನೇ ಹೇಳುತ್ತೇನೆ, ಈ ಪುಸ್ತಕಗಳಷ್ಟು ನೀಟಾಗಿ ವಿಷಯ ಬಿಡಿಸಿ ಹೇಳಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ಪ್ರತಿ ಭಾಗದ ಕೊನೆಗೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಅಂತ ಪ್ರಶ್ನೆ ಇರುತ್ತದೆ.

ಅಸೈನ್‌ಮೆಂಟಿಗೆ ಶೇ 30 ಅಂಕ, ಪರೀಕ್ಷೆಗೆ ಶೇ 70. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕಿತ್ತು. ಉತ್ತರ ಇಷ್ಟು ಪದದಲ್ಲಿ ಇರಬೇಕು ಅಂತ ಮಿತಿ. ಬೆಂಗಳೂರಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದು ಕಲಿತಿದ್ದೆ. ಯೋಚಿಸಿ ಬರೆಯುವುದು ಕಲಿತದ್ದು ಇಲ್ಲಿ.

ಕೊರತೆ ಏನು ಅಂದರೆ ವಾದ ಮಾಡಲು ಜನ ಇಲ್ಲ. ರಾಜ್ಯಶಾಸ್ತ್ರ ಒಬ್ಬನೇ ಕೂತು ಓದುವ ವಿಷಯ ಅಲ್ಲ. ಹಕ್ಕು ದೊಡ್ಡದೋ ಕರ್ತವ್ಯ ದೊಡ್ಡದೋ ಅಂತ ನಾನು ಯಾರನ್ನು ಕೇಳಲಿ, ಅಕ್ಕಿ ಮೂಟೆಯನ್ನೇ? ಅಧ್ಯಯನ ಕೇಂದ್ರದಲ್ಲಿ ರಜಾದಿನ ತರಗತಿ ಇರುತ್ತಿತ್ತು. ನಮ್ಮೂರಿಂದ ಎರಡು ಬಸ್ ಬದಲಾಯಿಸಿ ಹೋಗಬೇಕು. ಭಾನುವಾರ ಅಂಗಡಿಯಲ್ಲಿ ವ್ಯಾಪಾರ ಜಾಸ್ತಿ. ಎರಡೇ ಸಲ ಹೋದೆ. ಪರೀಕ್ಷೆ ಜೂನ್‌ನಲ್ಲೂ ಇದೆ, ಡಿಸೆಂಬರ್‌ನಲ್ಲೂ ಇದೆ, ಮುಗಿಸಲು ಆರು ವರ್ಷದವರೆಗೆ ಸಮಯ ಇದೆ. ಈ ಸೌಲಭ್ಯವೇ ನನ್ನಂಥ ಸೋಮಾರಿಗೆ ಮುಳುವಾಯಿತು. ‘ಮುಂದಿನ ಸಲ ಬರೆದರಾಯ್ತು’ ಅಂದುಕೊಂಡೇ ವರ್ಷ ಕಳೆಯಿತು. ತಪ್ಪು ನನ್ನದೇ. ಕನ್ನಡದಲ್ಲೇ ದೂರಶಿಕ್ಷಣ ಬೇಕು ಅನ್ನುವವರಿಗೆ ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನಾನು ಅಲ್ಲಿ ಓದಿಲ್ಲ, ಹಾಗಾಗಿ ಹೋಲಿಕೆಗೆ ಎಳೆಯುವುದಿಲ್ಲ.

ಈಗ ಊರಿನ ಕಾಲೇಜು. ಕಟ್ಟಡ ಸೋರುತ್ತಿತ್ತು. ಪಾಠ ಮಾಡುವವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ಸಂಬಳ ಬಾರದ ತಿಂಗಳಲ್ಲಿ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಲೈಬ್ರರಿಯಲ್ಲಿದ್ದ ತೌಲನಿಕ ಸರ್ಕಾರಗಳ ಪುಸ್ತಕದಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಬದುಕಿತ್ತು. 1991ರಲ್ಲೇ ಒಡೆದುಹೋದ ದೇಶದ ಸಂವಿಧಾನಕ್ಕೆ ಇಪ್ಪತ್ತು ಪುಟ! ಹುಡುಗರು ಓದುತ್ತಿದ್ದದ್ದು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಗೈಡು. ಅದರಲ್ಲಿ ಪ್ಲೇಟೋ ‘ಪ್ಲೋಟೋ’ ಆಗಿದ್ದ.

ಪರಿಭಾಷೆಯ ಕಾಟ ಬೇರೆ. ರಾಜ್ಯ ಅಂದರೆ ನಮಗೆಲ್ಲ ಕರ್ನಾಟಕ. ರಾಜ್ಯಶಾಸ್ತ್ರದ ‘ರಾಜ್ಯ’ ಅಂದರೆ ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ನಾಲ್ಕೂ ಇರುವಂಥದ್ದು, ಅಂದರೆ ಭಾರತ. ಆ ಲೆಕ್ಕದಲ್ಲಿ ಕರ್ನಾಟಕ ರಾಜ್ಯವೇ ಅಲ್ಲ! ಮೊದಲ ತಿಂಗಳು ಪೂರ್ತಿ ಈ ಗೊಂದಲದಲ್ಲೇ ಹೋಯಿತು. ರೂಸೋನ ‘ಜನರಲ್ ವಿಲ್’ ಕನ್ನಡದಲ್ಲಿ ‘ಸಾಮಾನ್ಯ ಇಚ್ಛೆ’. ಸಾಮಾನ್ಯ ಅಂದರೆ ಆರ್ಡಿನರಿ ಅಲ್ವಾ? ಅವನು ಏನೋ ಮಾಮೂಲಿ ಆಸೆಯ ಬಗ್ಗೆ ಬರೆದಿದ್ದಾನೆ ಅಂತ ಅರ್ಧ ಕ್ಲಾಸು ತಿಳಿದಿತ್ತು. ಇಲ್ಲಿ ನನಗೆ ಇಂಗ್ಲಿಷಿನ ಓದು ಕೈ ಹಿಡಿಯಿತು. ಎಲ್ಲರಿಗೂ ಸೇರಿದ, ಎಲ್ಲರ ಒಳಿತಿನ ಇಚ್ಛೆ ಅದು ಅಂತ ನಾನೇ ಎದ್ದು ಹೇಳಿದೆ. ಬೆಂಗಳೂರಿನಲ್ಲಿ ಒಂದು ವರ್ಷ ಬಾಯಿ ಬಿಡದವನು!

ಆದರೆ ಅದೇ ಪರಿಭಾಷೆ ಕೆಲವು ಸಲ ಇಂಗ್ಲಿಷ್ ಕೊಡದ್ದನ್ನೂ ಕೊಟ್ಟಿತು. ಪವರ್‌ಗೂ ಅಥಾರಿಟಿಗೂ ಕನ್ನಡದಲ್ಲಿ ಒಂದೇ ಪದ, ಅಧಿಕಾರ. ವ್ಯತ್ಯಾಸ ಹೇಗೆ ಹೇಳುವುದು? ಮೇಷ್ಟ್ರು ಹೇಳಿದ್ದು ಹೀಗೆ: ‘ಊರ ಗೌಡನ ಮಾತು ನಡೆಯುತ್ತೆ. ಪಿಡಿಒ ಸಹಿ ನಡೆಯುತ್ತೆ. ಮೊದಲನೇದು ಪವರ್ರು, ಎರಡನೇದು ಅಥಾರಿಟಿ.’ ಇಡೀ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ ‘ಸಾ, ಗೌಡ್ರು ಹೇಳಿದ್ರೇ ಪಿಡಿಒ ಸಹಿ ಹಾಕೋದು’ ಅಂದ. ಮುಂದಿನ ಅರ್ಧ ಗಂಟೆ ಪಾಠ ನಡೆಯಲಿಲ್ಲ, ಜಗಳ ನಡೆಯಿತು. ನಾನು ಅಷ್ಟು ಕಲಿತ ಅರ್ಧ ಗಂಟೆ ಇನ್ನೊಂದಿಲ್ಲ.

ಇನ್ನೊಂದು ‘ಸೆಕ್ಯುಲರ್’. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನದ ಪೀಠಿಕೆಗೆ ಸೇರಿದ ಪದ. ಬೆಂಗಳೂರಿನ ನೋಟ್ಸಿನಲ್ಲಿ ಅದಕ್ಕೊಂದು ಡೆಫಿನಿಷನ್ ಇತ್ತು, ಮುಗೀತು. ಇಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಪದ ಬರೆದರು. ಶಾಲೆಯ ಪುಸ್ತಕದ ಪೀಠಿಕೆಯಲ್ಲಿ ನಾವು ಬಾಯಿಪಾಠ ಮಾಡಿದ್ದ ‘ಸರ್ವಧರ್ಮ ಸಮಭಾವ’. ಪೇಪರಿನಲ್ಲಿ ಕಾಣುವ ‘ಧರ್ಮನಿರಪೇಕ್ಷ’. ಪಕ್ಷದ ಹೆಸರಿನಲ್ಲಿರುವ ‘ಜಾತ್ಯತೀತ’. ಮೊದಲನೆಯದು ಎಲ್ಲ ಧರ್ಮವೂ ಸಮ ಅನ್ನುತ್ತದೆ. ಎರಡನೆಯದು ಧರ್ಮದ ಹಂಗೇ ಬೇಡ ಅನ್ನುತ್ತದೆ. ಮೂರನೆಯದು ಧರ್ಮದ ಮಾತೇ ಎತ್ತದೆ ಜಾತಿಗೆ ಹೋಗುತ್ತದೆ. ಒಂದೇ ಇಂಗ್ಲಿಷ್ ಪದದ ಹಿಂದೆ ಮೂರು ಬೇರೆ ಬೇರೆ ರಾಜಕೀಯ ಕೂತಿತ್ತು. ಕನ್ನಡಕ್ಕೆ ತಂದಾಗಲೇ ಅದು ಕಂಡಿದ್ದು.

ನಮ್ಮ ಅದೃಷ್ಟಕ್ಕೆ ಆ ಮೂರು ವರ್ಷ ಕರ್ನಾಟಕದ ರಾಜಕೀಯವೇ ಪ್ರಾಯೋಗಿಕ ತರಗತಿ ನಡೆಸಿತು. ಸೈನ್ಸ್‌ನವರಿಗೆ ಲ್ಯಾಬ್ ಇರುತ್ತದೆ, ನಮಗೆ 2019ರ ಜುಲೈ ಇತ್ತು. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ನಡೆಯಿತು. ಒಂದು ಮೊಬೈಲಿನ ಸುತ್ತ ಹನ್ನೆರಡು ಜನ. ಜುಲೈ 23ಕ್ಕೆ 99 ಮತ, ಎದುರು 105, ಸರ್ಕಾರ ಬಿತ್ತು. ಶಾಸಕರು ಪಕ್ಷ ಬಿಡಲಿಲ್ಲ, ರಾಜೀನಾಮೆ ಕೊಟ್ಟರು. ಇದು ಪಕ್ಷಾಂತರವೋ ಅಲ್ಲವೋ? 1985ರಲ್ಲಿ ಸಂವಿಧಾನಕ್ಕೆ ಬಂದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯನ್ನು ನಾವು ಪರೀಕ್ಷೆಗಾಗಿ ಅಲ್ಲ, ಬೆಟ್ ಕಟ್ಟಿ ಓದಿದೆವು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು 17 ಜನರ ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಬೆಟ್‌ನಲ್ಲಿ ಗೆದ್ದವರು ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಒಂದು ಪ್ಲೇಟ್ ಗೋಬಿ ಬಾಕಿ ಇದೆ.

ಮರುವರ್ಷ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ ಮಹಿಳಾ ಮೀಸಲು ಸೀಟಿಗೆ ನಿಂತರು. ಪುಸ್ತಕದಲ್ಲಿ ಮಹಿಳೆಯರಿಗೆ ಅರ್ಧ ಸ್ಥಾನ ಅಂತ ಒಂದು ಸಾಲು. ಅವಳ ಮನೆಯಲ್ಲಿ ಅದು ಹೇಗಿತ್ತು ಅಂದರೆ, ಕರಪತ್ರದಲ್ಲಿ ಅಮ್ಮನ ಫೋಟೋ ಚಿಕ್ಕದು, ಅಪ್ಪನ ಫೋಟೋ ದೊಡ್ಡದು. ಇವಳು ಪ್ರೆಸ್ಸಿಗೆ ಹೋಗಿ ಅದಲು ಬದಲು ಮಾಡಿಸಿ ಬಂದಳು. ಈ ಕಥೆ ಯಾವ ಇಂಗ್ಲಿಷ್ ಕ್ಲಾಸಿನಲ್ಲಿ ಸಿಗಬೇಕು?

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಕಾಲೇಜೂ ದೂರಶಿಕ್ಷಣವೂ ನಮ್ಮಂಥವರ ಕೈಗೆ ಎಟುಕುತ್ತವೆ. ಬೆಂಗಳೂರಿನಲ್ಲಿ ಫೀಸಿಗಿಂತ ಪಿಜಿ ಬಾಡಿಗೆಯೇ ಹಣ್ಣು ಮಾಡಿತು.

ಮುಂದಿನ ದಾರಿಯ ಬಗ್ಗೆ ಕೇಳಿದರೆ ಕನ್ನಡ ಮಾಧ್ಯಮವನ್ನು ಹೊಗಳಿ ಸುಮ್ಮನಾಗಲು ಆಗುವುದಿಲ್ಲ. ಬರೀ ಬಿಎ ನೋಡಿ ಯಾರೂ ಕೆಲಸ ಕೊಡುವುದಿಲ್ಲ, ಯಾವ ಮಾಧ್ಯಮವಾದರೂ ಅಷ್ಟೇ. ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ, ಎಂಎ ಮಾಡಿ ಉಪನ್ಯಾಸಕ, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಇಲ್ಲ ಮೂರು ವರ್ಷದ ಎಲ್‌ಎಲ್‌ಬಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ 250ರಂತೆ ಎರಡು ಪತ್ರಿಕೆ, ಒಟ್ಟು 500 ಅಂಕ. ಕನ್ನಡದಲ್ಲಿ ಬರೆಯಬಹುದು, ಆದರೆ ಓದಲು ಬೇಕಾದ ಪುಸ್ತಕದ ಬಹುಪಾಲು ಇಂಗ್ಲಿಷಿನಲ್ಲೇ ಇದೆ. ಹೊರ ರಾಜ್ಯದ ಒಂದು ಎಂಎ ಪ್ರವೇಶ ಪರೀಕ್ಷೆ ಬರೆದಾಗ ನನ್ನನ್ನು ದಡ ಮುಟ್ಟಿಸಿದ್ದು ಅಂಗಡಿಯಲ್ಲಿ ಓದಿದ ಆ ಇಂಗ್ಲಿಷ್ ಪುಸ್ತಕಗಳು. ಸೀಟು ಸಿಕ್ಕಿತು, ನಾನು ಹೋಗಲಿಲ್ಲ, ಎಲ್‌ಎಲ್‌ಬಿಗೆ ಸೇರಿದೆ. ಈಗ ತಾಲೂಕು ಕೋರ್ಟಿನಲ್ಲಿ ಜೂನಿಯರ್. ಇಲ್ಲಿ ಸಾಕ್ಷಿ ಮಾತಾಡುವುದು ಕನ್ನಡ, ಹೈಕೋರ್ಟಿನ ತೀರ್ಪು ಇಂಗ್ಲಿಷ್. ನನ್ನ ಐದು ವರ್ಷದ ಅಲೆದಾಟಕ್ಕೆ ಹೇಳಿ ಮಾಡಿಸಿದ ಜಾಗ.

ಮಾವನ ಮಗಳು ಪಿಯುಸಿ ಮುಗಿಸಿ ಇದನ್ನೇ ಕೇಳಲು ಬಂದಿದ್ದಳು. 2024–25ರಿಂದ ನಮ್ಮಲ್ಲಿ ನಾಲ್ಕು ವರ್ಷದ ಆನರ್ಸ್ ಹೋಗಿ ಮೂರು ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯ ಮತ್ತೆ ಬಂದಿದೆ. ಹಾಗಾಗಿ ನನ್ನ ಕಾಲದ ಲೆಕ್ಕ ಅವಳಿಗೂ ಹೊಂದುತ್ತದೆ. ನಾನು ಹೇಳಿದ್ದು ಇಷ್ಟು: ಕೂರುವುದು ಕನ್ನಡ ಕ್ಲಾಸಿನಲ್ಲಿ, ರಾತ್ರಿ ಓದುವುದು ಇಂಗ್ಲಿಷ್, ದಿನಕ್ಕೆ ಎರಡು ಪುಟ. ಗೈಡ್ ಮನೆಗೆ ತರಬೇಡ. ಆದರೆ ಚೆನ್ನಾಗಿ ಜಗಳವಾಡುವ ಮೇಷ್ಟ್ರು ಇಲ್ಲದ ಕಾಲೇಜಾದರೆ ಯಾವ ಮಾಧ್ಯಮವೂ ಒಂದೇ, ಸೇರುವ ಮುಂಚೆ ಹೋಗಿ ಒಂದು ಕ್ಲಾಸಿನ ಹೊರಗೆ ನಿಂತು ಕೇಳಿ ಬಾ ಅಂದೆ.

ಕನ್ನಡ ಕ್ಲಾಸಿನ ನೋಟ್ಸ್ ತೆಗೆದುಕೊಂಡು ಹೋದಳು. ಇಗ್ನೋ ಪುಸ್ತಕವನ್ನೂ ಕೇಳಿದಳು. ಕೊಡಲಿಲ್ಲ. ಅವು ಇಗ್ನೋದ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಮೊಬೈಲಿನಲ್ಲೇ ಇಳಿಸಿಕೋ ಅಂದೆ. ನನ್ನ ಪ್ರತಿಯ ಮೇಲೆ ಕಡಲೆಕಾಯಿ ಎಣ್ಣೆ ಚೆಲ್ಲಿದೆ, ಅಂಚಿನಲ್ಲಿ ಊರಿನ ನಾಲ್ಕೈದು ಮನೆಯ ಉದ್ರಿ ಲೆಕ್ಕವೂ ಇದೆ. ಎರಡು ಮನೆಯವರು ಇನ್ನೂ ಕೊಟ್ಟಿಲ್ಲ.