ಕತ್ತು, ಹೆಗಲು, ಬೆನ್ನುನೋವಿಗೆ ಮಸಾಜ್ ಗನ್ನೋ, ಬೆಲ್ಟೋ, ಚೆಂಡೋ? ನನ್ನ ವೋಟು ಎಲಾಸ್ಟಿಕ್ ಬ್ಯಾಂಡಿಗೆ

ಸ್ನಾಯುವಿನ ಮೇಲೆ ಪಟಪಟ ಬಡಿಯುವ ಮಸಾಜ್ ಗನ್, ಬೆನ್ನು ನೆಟ್ಟಗೆ ನಿಲ್ಲಿಸುವ ಬೆಲ್ಟ್, ಟೆನಿಸ್ ಚೆಂಡು, ಬಿಸಿನೀರಿನ ಚೀಲ, ಕತ್ತಿನ ದಿಂಬು, ವ್ಯಾಯಾಮಕ್ಕೆ ಎಳೆಯುವ ಎಲಾಸ್ಟಿಕ್ ಬ್ಯಾಂಡ್. ಎಲ್ಲವನ್ನೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಇವುಗಳಲ್ಲಿ ಆ ಹೊತ್ತಿಗೆ ಹಾಯೆನಿಸುವಂಥವು ಬೇಕಾದಷ್ಟಿವೆ. ಆದರೆ ಮಾರನೇ ದಿನ ಅದೇ ನೋವು ಅದೇ ಜಾಗಕ್ಕೆ ವಾಪಸ್ ಬರದಂತೆ ಮಾಡಿದ್ದು ಬ್ಯಾಂಡ್ ಮಾತ್ರ.

ನನ್ನ ನೋವು ಎಂಥದ್ದು ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಈ ಹೋಲಿಕೆಯಿಂದ ನಿಮಗೆ ಉಪಯೋಗವಿಲ್ಲ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ ನನ್ನದು. ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ರೆಕ್ಕೆ ಮೂಳೆಯ (ಭುಜದ ಹಿಂದಿನ ಚಪ್ಪಟೆ ಮೂಳೆ) ಒಳಅಂಚಿನಲ್ಲಿ, ಅಂದರೆ ಆ ಮೂಳೆಗೂ ಬೆನ್ನುಮೂಳೆಗೂ ನಡುವೆ, ಹೆಬ್ಬೆರಳಗಲದ ಜಾಗ ಬಿಗಿಯತೊಡಗುತ್ತಿತ್ತು. ಸಂಜೆಗೆ ಅದು ಹೆಗಲಿಗೆ ಬಂದು, ಕತ್ತಿಗೇರಿ, ತಲೆಬುರುಡೆಯ ಹಿಂಬದಿಗೆ ಹೋಗಿ ಕೂರುತ್ತಿತ್ತು. ಹಿಂದೆ ನೋಡಬೇಕೆಂದರೆ ಕತ್ತಿನ ಜೊತೆ ಮೈಯೆಲ್ಲ ತಿರುಗಿಸಬೇಕು. ಡಾಕ್ಟರು ಕೈಯ ಬಲ, ಸ್ಪರ್ಶ ಎಲ್ಲ ನೋಡಿ, ನರದ ತೊಂದರೆ ಕಾಣುತ್ತಿಲ್ಲ, ಸ್ನಾಯುಗಳ ನೋವು ಎಂದರು. ಬೆನ್ನಿನ ಬಿಗಿತ ಕತ್ತಿಗೆ ಯಾಕೆ ಏರುತ್ತದೆ ಅಂತ ಕೇಳಿದ್ದಕ್ಕೆ, ಲೆವೇಟರ್ ಸ್ಕ್ಯಾಪುಲೆ ಎಂಬ ಸ್ನಾಯುವನ್ನು ಚಿತ್ರದಲ್ಲಿ ತೋರಿಸಿದರು. ರೆಕ್ಕೆ ಮೂಳೆಯ ಮೇಲಿನ ಮೂಲೆಯಿಂದ ಕತ್ತಿನ ಮೊದಲ ನಾಲ್ಕು ಮೂಳೆಗಳವರೆಗೆ ಅದು ಹಬ್ಬಿರುತ್ತದೆ.

ಕೈಗೆ ಜೋಮು ಹಿಡಿಯುತ್ತಿದ್ದರೆ, ಹಿಡಿದ ವಸ್ತು ಜಾರುತ್ತಿದ್ದರೆ, ನಡೆಯುವಾಗ ಆಯ ತಪ್ಪುತ್ತಿದ್ದರೆ, ಜ್ವರವೂ ಇದ್ದರೆ, ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾಗಿದ್ದರೆ ಮುಂದಿನದನ್ನು ಓದುವುದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದು ಭುಜ, ದವಡೆ ನೋಯುತ್ತಿದ್ದರಂತೂ ಒಂದು ನಿಮಿಷವೂ ತಡ ಮಾಡಬೇಡಿ. ಅದು ಹೃದಯದ್ದಿರಬಹುದು.

ಈಗ ಮಸಾಜ್ ಗನ್. ಇವುಗಳಲ್ಲೆಲ್ಲ ದುಬಾರಿ ಇದೇ. ಎಷ್ಟು ಸ್ಪೀಡು, ಬದಲಿಸಿ ಹಾಕುವ ತಲೆಗಳು ಎಷ್ಟು ಎಂಬುದೆಲ್ಲ ಡಬ್ಬದ ಮೇಲೆಯೇ ಇರುತ್ತದೆ. ಡಬ್ಬದ ಮೇಲೆ ಇಲ್ಲದ ಒಂದು ವಿಷಯವಿದೆ. ನೋಯುವ ಜಾಗಕ್ಕೆ ನಿಮ್ಮ ಕೈ ಹೋಗುವುದಿಲ್ಲ.

ಸುಮ್ನೆ ಒಮ್ಮೆ ಮಾಡಿ ನೋಡಿ. ಕೈಯಲ್ಲಿ ಮುಕ್ಕಾಲು ಕೆಜಿ ತೂಕದ ಏನನ್ನಾದರೂ ಹಿಡಿದು, ರೆಕ್ಕೆ ಮೂಳೆಯ ಒಳಅಂಚಿಗೆ ಮುಟ್ಟಿಸಿ. ಬಲಗಡೆಯ ಜಾಗಕ್ಕೆ ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ತಂದರೆ ಗನ್ನಿನ ಹಿಡಿಕೆ ತಲೆಗೆ ತಾಗುತ್ತದೆ. ಸೊಂಟದ ಕಡೆಯಿಂದ ಮೇಲಕ್ಕೆ ತಂದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಎಡಗೈಯನ್ನು ಎದೆಯ ಮೇಲಿಂದ ದಾಟಿಸಿದರೆ ಹೆಗಲ ಮೇಲ್ಭಾಗಕ್ಕೆ ಚೆನ್ನಾಗಿ ಸಿಗುತ್ತದೆ, ಅದರ ಕೆಳಗೆ ಇಳಿಯುವುದಿಲ್ಲ. ಹೇಗೋ ಸಾಹಸ ಮಾಡಿ ಮುಟ್ಟಿಸಿದಿರಿ ಅನ್ನಿ, ಆ ಭಂಗಿಯಲ್ಲಿ ಎತ್ತಿ ಹಿಡಿದ ಕೈಯ ಭಾರ ಹೊರುವುದು ಅದೇ ಹೆಗಲು, ಅದೇ ಕತ್ತು. ಒಂದು ಕಡೆ ಸಡಿಲ ಮಾಡುತ್ತಿದ್ದರೆ ಇನ್ನೊಂದು ಕಡೆ ಬಿಗಿಯಾಗುತ್ತಾ ಹೋಗುತ್ತದೆ. ಗನ್ ಕೆಳಗಿಟ್ಟಾಗ ಬೆನ್ನು ಹಗುರಾಗಿರುತ್ತಿತ್ತು, ಹೆಗಲು ಮಾತ್ರ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು.

ಬೇರೆಯವರು ಹಿಡಿದುಕೊಟ್ಟರೆ ಇದೇ ಗನ್ ಅದ್ಭುತ, ಅದನ್ನು ಒಪ್ಪಲೇಬೇಕು. ನಿಧಾನ ಸ್ಪೀಡಿನಲ್ಲಿ ರೆಕ್ಕೆ ಮೂಳೆಯ ಪಕ್ಕದಲ್ಲಿ ಒಂದೆರಡು ನಿಮಿಷ ಆಡಿಸಿದರೆ ಕತ್ತು ಸಲೀಸಾಗಿ ತಿರುಗುತ್ತದೆ. ಆದರೆ ನೋವು ಬರುವುದು ಕೆಲಸದ ನಡುವೆ. ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮನೆಯವರನ್ನು ದಿನಾ ಕೇಳುವುದೂ ನನ್ನಿಂದ ಆಗದು. ಉದ್ದ ಹಿಡಿಕೆಯ, ಬಾಗಿದ ಮಾದರಿಗಳಿವೆ, ಕೈ ಸ್ವಲ್ಪ ದೂರ ಹೋಗುತ್ತದೆ. ಆದರೆ ಹಿಡಿಕೆ ಉದ್ದವಾದಷ್ಟೂ ಒತ್ತುವ ಬಲ ಕಡಿಮೆಯಾಗುತ್ತದೆ, ಕೈ ಬೇಗ ಸೋಲುತ್ತದೆ. ಇನ್ನೊಂದು ಮಾತು, ಕತ್ತಿನ ಮುಂಭಾಗಕ್ಕೂ ಪಕ್ಕಕ್ಕೂ ಗನ್ ಇಡಲೇಬೇಡಿ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಅಲ್ಲಿವೆ. ಬೆನ್ನುಮೂಳೆಯ ಮೇಲೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು.

ಈಗ ಆ ಗನ್ ನಮ್ಮ ಮನೆಯಲ್ಲಿ ಓಡುವ ಅಭ್ಯಾಸ ಇರುವವರ ಮೀನಖಂಡಕ್ಕೆ ಕೆಲಸ ಮಾಡುತ್ತಿದೆ. ಅಲ್ಲಿಗೆ ಕೈ ಆರಾಮಾಗಿ ಹೋಗುತ್ತದೆ.

ಗನ್ನಿಗೆ ಸಿಗದ ಆ ಜಾಗ ಟೆನಿಸ್ ಚೆಂಡಿಗೆ ಸಿಗುತ್ತದೆ. ಚೆಂಡನ್ನು ಉದ್ದನೆಯ ಕಾಲುಚೀಲದ ತುದಿಗೆ ಇಳಿಸಿ, ಕಾಲುಚೀಲದ ಬಾಯಿಯನ್ನು ಎದೆಯ ಕಡೆ ಹಿಡಿದುಕೊಂಡು, ಚೆಂಡನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಡಿ. ಗೋಡೆಗೆ ಒರಗಿ. ಕಾಲನ್ನು ಗೋಡೆಯಿಂದ ಒಂದು ಹೆಜ್ಜೆ ಮುಂದಿಟ್ಟು, ಮೊಣಕಾಲು ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಮೇಲೆ ಕೆಳಗೆ ಸರಿದರೆ ಚೆಂಡು ಬಿಗಿದ ಜಾಗದ ಮೇಲೆ ಉರುಳುತ್ತದೆ. ಒತ್ತಡ ಎಷ್ಟು ಬೇಕೋ ಅಷ್ಟು ಒರಗಿದರಾಯಿತು. ಕಾಲುಚೀಲ ಇರುವುದರಿಂದ ಚೆಂಡು ಬಿದ್ದು ಮೇಜಿನಡಿ ಓಡುವುದಿಲ್ಲ. ಬಿಗಿ ಸಡಿಲವಾಗುವುದರಲ್ಲಿ ಗನ್ನಿಗೆ ಏನೇನೂ ಕಡಿಮೆ ಇಲ್ಲ. ಖರ್ಚಂತೂ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನ ಇದಕ್ಕೇ.

ಬೆಲ್ಟ್ ವಿಷಯಕ್ಕೆ ಬರೋಣ. ಎರಡೂ ಭುಜಗಳನ್ನು ಹಿಂದಕ್ಕೆ ಎಳೆದು ಹಿಡಿಯುವ ಪಟ್ಟಿ ಅದು. ಹಾಕಿಕೊಂಡ ತಕ್ಷಣ ಎದೆ ಅಗಲವಾಗುತ್ತದೆ, ಖುಷಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಕಂಕುಳಲ್ಲಿ ಪಟ್ಟಿ ಉಜ್ಜಲು ಶುರುವಾಗುತ್ತದೆ. ಉಜ್ಜುತ್ತದೆಂದು ಸಡಿಲ ಮಾಡಿದರೆ ಪ್ರಯೋಜನವಿಲ್ಲ. ಅದಕ್ಕಿಂತ ಮುಖ್ಯ, ಬೆಲ್ಟ್ ಭುಜವನ್ನಷ್ಟೇ ಎಳೆಯುತ್ತದೆ. ಗಲ್ಲ ಪರದೆಯ ಕಡೆಗೆ ಚಾಚಿಕೊಂಡೇ ಇರುತ್ತದೆ, ಕತ್ತಿಗೆ ಬೀಳುವ ಭಾರ ಹಾಗೇ ಉಳಿಯುತ್ತದೆ. ಆ ಭಾರ ಎಷ್ಟಿರಬಹುದು ಎಂಬುದಕ್ಕೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಒಂದು ಲೆಕ್ಕ ಕೊಟ್ಟರು. ನೆಟ್ಟಗಿದ್ದಾಗ ತಲೆಯ ತೂಕ ಸುಮಾರು 5 ಕೆಜಿ, 60 ಡಿಗ್ರಿ ಮುಂದಕ್ಕೆ ಬಾಗಿದರೆ ಕತ್ತಿನ ಮೇಲೆ ಬೀಳುವುದು ಸುಮಾರು 27 ಕೆಜಿ. ಇದಕ್ಕೆ ಬೆಲ್ಟಿಗಿಂತ ಲ್ಯಾಪ್‌ಟಾಪ್ ಅಡಿಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಜೋಡಿಸುವುದು ಎಷ್ಟೋ ಪಾಲು ವಾಸಿ.

ಬಿಸಿನೀರಿನ ಚೀಲ ರಾತ್ರಿ ಮಲಗುವ ಮುಂಚೆ ಚೆನ್ನ. ಬಟ್ಟೆ ಸುತ್ತಿ ಕಾಲು ಗಂಟೆ ಇಟ್ಟರೆ ಸಾಕು. ಸ್ಪರ್ಶ ಕಡಿಮೆ ಇರುವ ಸಕ್ಕರೆ ಕಾಯಿಲೆಯವರು ಜೋಪಾನ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಕತ್ತಿನ ದಿಂಬಿನಿಂದ ನನಗೆ ಏನೂ ವ್ಯತ್ಯಾಸವಾಗಲಿಲ್ಲ. ಬೆಳಿಗ್ಗೆ ಏಳುವಾಗಲೇ ನೋವಿರುವವರಿಗೆ ಅದು ಬೇರೆ ಲೆಕ್ಕ.

ಇನ್ನು ಬ್ಯಾಂಡ್. ಇದು ನೋವಿನ ಜಾಗವನ್ನು ಮುಟ್ಟುವುದೇ ಇಲ್ಲ, ಆ ಸ್ನಾಯುಗಳಿಗೆ ಬಲ ತುಂಬುತ್ತದೆ. ದಿನವಿಡೀ ತಲೆ, ಕೈಗಳ ಭಾರ ಹೊತ್ತು ಸೋಲುವ ಸ್ನಾಯು ಗಟ್ಟಿಯಾದರೆ ಸೋಲುವುದು ತಡವಾಗುತ್ತದೆ ಅಲ್ವಾ? ವ್ಯಾಯಾಮ ಚಿಕಿತ್ಸೆ ಕೊಡುವ ಫಿಸಿಯೋ ಇದನ್ನು ಹೇಳಿದಾಗ, ದಿನಾ ಇಷ್ಟೇ ಇಷ್ಟು ಮಾಡಿದರೆ ಏನಾದೀತು ಎಂಬ ಅನುಮಾನ ನನಗಿತ್ತು. ಡೆನ್ಮಾರ್ಕಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಅನುಮಾನ ತೆಗೆಯಿತು. ಕತ್ತು, ಭುಜ ಪದೇ ಪದೇ ನೋಯುವ 198 ಜನರನ್ನು ಮೂರು ಗುಂಪು ಮಾಡಿದ್ದರು. ವಾರಕ್ಕೆ 5 ದಿನದಂತೆ 10 ವಾರ, ಒಂದು ಗುಂಪು ದಿನಕ್ಕೆ 2 ನಿಮಿಷ, ಇನ್ನೊಂದು 12 ನಿಮಿಷ ಎಲಾಸ್ಟಿಕ್ ಎಳೆಯಿತು. ಮೂರನೆಯದಕ್ಕೆ ಬರೀ ಆರೋಗ್ಯದ ಮಾಹಿತಿ. ಎಲಾಸ್ಟಿಕ್ ಎಳೆದ ಎರಡೂ ಗುಂಪುಗಳಲ್ಲಿ ನೋವು ಇಳಿಯಿತು. ಎರಡೇ ನಿಮಿಷವೂ ಫಲ ಕೊಟ್ಟಿತು ಎಂಬುದು ನನ್ನಂಥ ವ್ಯಾಯಾಮದ ಅಭ್ಯಾಸವಿಲ್ಲದವರಿಗೆ ದೊಡ್ಡ ಧೈರ್ಯ.

ನಾನು ಮಾಡುವುದು ಎರಡೇ. ಒಂದು, ಬ್ಯಾಂಡಿನ ನಡುಭಾಗವನ್ನು ಪಾದದಡಿ ಮೆಟ್ಟಿ, ಎರಡು ತುದಿ ಹಿಡಿದು, ಮೊಣಕೈ ಚೂರು ಬಗ್ಗಿಸಿಕೊಂಡು ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು. ಅಧ್ಯಯನದವರು ಮಾಡಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಎರಡು, ಬ್ಯಾಂಡನ್ನು ಬಾಗಿಲಿಗೆ ಸಿಕ್ಕಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಎಳೆಯುವುದು. ಬಾಗಿಲಿನ ವಿಷಯದಲ್ಲಿ ಹುಷಾರು. ನೀವು ಎಳೆದಾಗ ಬಾಗಿಲು ಮುಚ್ಚಿಕೊಳ್ಳುವ ಕಡೆ ನಿಲ್ಲಬೇಕು, ಇಲ್ಲದಿದ್ದರೆ ಬಾಗಿಲು ಧಡಕ್ಕನೆ ನಿಮ್ಮ ಮೇಲೇ ಬರುತ್ತದೆ. ಬ್ಯಾಂಡಿಗೆ ದಪ್ಪ ಗಂಟು ಹಾಕಿ, ಗಂಟನ್ನು ಬಾಗಿಲಿನ ಆಚೆಗಿಟ್ಟು ಚಿಲಕ ಹಾಕಿದರೆ ಜಾರುವುದಿಲ್ಲ.

ಎರಡರಲ್ಲೂ ಹೆಗಲನ್ನು ಕಿವಿಯ ಕಡೆ ಏರಲು ಬಿಡಬಾರದು. ಏರಿತು ಅಂದರೆ ಬ್ಯಾಂಡ್ ಜಾಸ್ತಿ ಬಿಗಿ ಇದೆ ಎಂದರ್ಥ, ಹಗುರದ್ದಕ್ಕೆ ಬನ್ನಿ. ಮೊದಮೊದಲು ಮೈಕೈ ಸ್ವಲ್ಪ ಹಿಡಿದಂತೆ ನೋಯುತ್ತದೆ, ಅದು ಸಹಜ. ತೋಳಿಗೆ ಇಳಿಯುವ ಚಳುಕು ಬಂದರೆ ಮಾತ್ರ ನಿಲ್ಲಿಸಬೇಕು. ಫಲಕ್ಕೆ ವಾರಗಟ್ಟಲೆ ಕಾಯಬೇಕು ಎಂಬುದೊಂದೇ ಇದರ ಕೊರತೆ. ಗನ್ ಕೊಟ್ಟ ಹಾಗೆ ಅಂದೇ ಸುಖ ಸಿಗುವುದಿಲ್ಲ.

ಆದ್ದರಿಂದ ಒಂದೇ ವಸ್ತುವಿಗೆ ದುಡ್ಡಿದ್ದರೆ ಬ್ಯಾಂಡ್ ಕೊಳ್ಳಿ. ಅದು ಕೆಲಸ ಶುರು ಮಾಡುವವರೆಗಿನ ವಾರಗಳಿಗೆ ಚೆಂಡು, ಕಾಲುಚೀಲ ಸಾಕು. ಮನೆಯಲ್ಲಿ ದಿನಾ ಬೆನ್ನಿಗೆ ಹಿಡಿದುಕೊಡುವವರಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಗನ್ ತೆಗೆದುಕೊಳ್ಳಬಹುದು. ನಾನು ಬ್ಯಾಂಡನ್ನು ಕೆಲಸದ ಕುರ್ಚಿಗೇ ನೇತುಹಾಕಿದ್ದೇನೆ. ಕಪಾಟಿನಲ್ಲಿಟ್ಟರೆ ನೆನಪಾಗುವುದಿಲ್ಲ. ಬಿಸಿಲು ಬೀಳದ ಕಡೆ ಇಡಿ, ಬಿಸಿಲಿಗೆ ರಬ್ಬರ್ ಬೇಗ ಒಣಗುತ್ತದೆ. ಎಳೆಯುವ ಮುಂಚೆ ಉದ್ದಕ್ಕೂ ಬೆರಳಾಡಿಸಿ ಸಣ್ಣ ಬಿರುಕು, ಹರಕು ಇದೆಯಾ ನೋಡಿ. ಇದ್ದರೆ ಅಂದೇ ಬದಲಿಸಿ, ಎಳೆದಾಗ ಕಿತ್ತು ಬಂದರೆ ನೇರ ಕಣ್ಣಿಗೇ ಹೊಡೆಯಬಹುದು.