100 ಲೀಟರಿನ ಡೀಪ್ ಫ್ರೀಜರ್: ನೀರು ಕಲ್ಲಾಯಿತು, ಶರಬತ್ತು ಏಕೆ ಆಗಲಿಲ್ಲ?

ಕಳೆದ ಮಾರ್ಚ್ ತಿಂಗಳಲ್ಲಿ ಹಾಸನದ ಅಂಗಡಿಯೊಂದರಿಂದ 100 ಲೀಟರ್ ಸಾಮರ್ಥ್ಯದ, ಮೇಲಿನಿಂದ ಮುಚ್ಚಳ ತೆರೆಯುವ ಡೀಪ್ ಫ್ರೀಜರನ್ನು ಸುಮಾರು 15,000 ರೂಪಾಯಿಗೆ ಕೊಂಡುಕೊಂಡೆವು. ಮನೆಯ ಮುಂಭಾಗದಲ್ಲೇ ನಡೆಯುವ ಸಣ್ಣ ವ್ಯಾಪಾರ ನಮ್ಮದು. ಬೇಸಿಗೆಯಲ್ಲಿ ನಿಂಬೆ ಮತ್ತು ಪುನರ್ಪುಳಿಯ ಐಸ್ ಕ್ಯಾಂಡಿ, ಹಾಲಿನ ಕುಲ್ಫಿ; ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿರುವ ದಿನಗಳಲ್ಲಿ ದರ್ಶನಕ್ಕೆ ಬಂದವರಿಗೆ ತಣ್ಣನೆಯ ಶರಬತ್ತು. ಮಾರುವಾಗ ಅಂಗಡಿಯವರು ‘ಏನಿಟ್ಟರೂ ಎರಡೇ ಗಂಟೆಯಲ್ಲಿ ಐಸ್ ಆಗುತ್ತದೆ’ ಎಂದು ಭರವಸೆ ಕೊಟ್ಟಿದ್ದರು. ಒಂದು ವರ್ಷ ಬಳಸಿದ ಮೇಲೆ ಹೇಳುವುದಾದರೆ, ಯಂತ್ರ ಚೆನ್ನಾಗಿದೆ, ಆ ಮಾತು ಮಾತ್ರ ಸುಳ್ಳು.

ಮೊದಲ ವಾರದಲ್ಲೇ ನೀರಿನ ಬಾಟಲಿಗಳು ಕಲ್ಲಿನಂತಾದವು, ಪಕ್ಕದಲ್ಲಿದ್ದ ನಿಂಬೆ ಕ್ಯಾಂಡಿ ಮಾತ್ರ ಕಡ್ಡಿ ಎಳೆದರೆ ಕಡ್ಡಿಯೊಂದೇ ಕೈಗೆ ಬರುವಷ್ಟು ಮೆದುವಾಗಿತ್ತು. ದೂರು ಕೊಟ್ಟಾಗ ಬಂದ ಮೆಕ್ಯಾನಿಕ್ ತಂತಿಯ ಥರ್ಮಾಮೀಟರನ್ನು ಒಳಗಿಟ್ಟು, −18 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ, ದೋಷವೇನೂ ಇಲ್ಲ ಎಂದು ಹೇಳಿ ಹೊರಟುಹೋದರು. ಹಾಗಿದ್ದರೆ ಶರಬತ್ತು ಏಕೆ ಗಟ್ಟಿಯಾಗುತ್ತಿಲ್ಲ ಎಂಬ ಪ್ರಶ್ನೆಗೆ ಅವರಿಂದ ಉತ್ತರ ಸಿಗಲಿಲ್ಲ. ಆದ್ದರಿಂದ ಅಂಥದ್ದೇ ಒಂದು ಥರ್ಮಾಮೀಟರ್ ತಂದು, ಒಂದೇ ಅಳತೆಯ ಆರು ಸ್ಟೀಲ್ ಲೋಟಗಳಿಗೆ ತಲಾ 200 ಮಿಲಿಲೀಟರಿನಂತೆ ನೀರು, ಹಾಲು, ಸಕ್ಕರೆ ಹಾಕಿದ ನಿಂಬೆ ಶರಬತ್ತು, 20 ಗ್ರಾಂ ಉಪ್ಪು ಕರಗಿಸಿದ ನೀರು, ಕೊಬ್ಬರಿ ಎಣ್ಣೆ ಮತ್ತು ಕಡಲೆಕಾಯಿ ಎಣ್ಣೆಯನ್ನು ತುಂಬಿ, ಒಂದಕ್ಕೊಂದು ತಗುಲದಂತೆ ಫ್ರೀಜರಿನ ತಳದಲ್ಲಿ ಸಾಲಾಗಿಟ್ಟೆ.

ಎಲ್ಲಕ್ಕಿಂತ ಮೊದಲು ಗಟ್ಟಿಯಾದದ್ದು ಕೊಬ್ಬರಿ ಎಣ್ಣೆ. ಅದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ, ಸುಮಾರು 24 ಡಿಗ್ರಿಗೇ ಹರಳುಗಟ್ಟಲು ತೊಡಗುವ ಈ ಎಣ್ಣೆ, ನಮ್ಮೂರಿನ ಡಿಸೆಂಬರ್ ಬೆಳಗುಗಳಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟ ಹೊರತು ತಲೆಗೆ ಹಚ್ಚಲು ಸಿಗುವುದಿಲ್ಲ. ಕಡಲೆಕಾಯಿ ಎಣ್ಣೆ ಮೊದಲು ಮಂಕಾಗಿ, ಆಮೇಲೆ ಬೆಣ್ಣೆಯಂತಾಯಿತು. ಬಗೆಬಗೆಯ ಕೊಬ್ಬುಗಳ ಮಿಶ್ರಣವಾದ್ದರಿಂದ ಅದು ಇಂಥದೇ ಒಂದು ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆಂದು ಬೆರಳಿಟ್ಟು ತೋರಿಸಲಾಗದು. ನೀರು ಮೂರೂಕಾಲು ಗಂಟೆ ತೆಗೆದುಕೊಂಡಿತು, ಹಾಲು ಅದಕ್ಕಿಂತ ಸ್ವಲ್ಪ ಹೆಚ್ಚು. ಐದು ಗಂಟೆ ಕಳೆದರೂ ಶರಬತ್ತು ನಡುವಿನಲ್ಲಿ ಕೆಸರಿನಂತಿತ್ತು. ಉಪ್ಪುನೀರಂತೂ ಮರುದಿನ ಬೆಳಿಗ್ಗೆಯೂ ಪೂರ್ತಿ ಗಡ್ಡೆಯಾಗಿರಲಿಲ್ಲ, ಲೋಟವನ್ನು ಓರೆ ಮಾಡಿದರೆ ಹರಳುಗಳ ನಡುವಿನಿಂದ ನೀರು ಜಿನುಗುತ್ತಿತ್ತು.

ನೀರಿನ ಲೋಟದಲ್ಲಿದ್ದ ಥರ್ಮಾಮೀಟರ್ ಬಹಳಷ್ಟನ್ನು ಕಲಿಸಿತು. ಮೊದಲ ಒಂದು ಗಂಟೆಯಲ್ಲಿ ಉಷ್ಣತೆ ಸರಸರನೆ ಸೊನ್ನೆಯ ಬಳಿಗೆ ಇಳಿಯಿತು, ನಂತರ ಎರಡು ಗಂಟೆಗೂ ಹೆಚ್ಚು ಕಾಲ ಅಲ್ಲೇ ನಿಂತುಬಿಟ್ಟಿತು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 105 ಕಿಲೋಜೌಲ್ ಶಾಖವನ್ನು ಹೊರತೆಗೆದರೆ ಸಾಕು; ಸೊನ್ನೆಯಲ್ಲಿರುವ ಅದೇ ನೀರನ್ನು ಮಂಜುಗಡ್ಡೆ ಮಾಡಲು ಇನ್ನೂ 334 ಕಿಲೋಜೌಲ್ ತೆಗೆಯಬೇಕು. ಫ್ರೀಜರಿನ ನಿಜವಾದ ದುಡಿಮೆ ಇರುವುದು ಇಲ್ಲಿಯೇ, ಮುಳ್ಳು ಅಲುಗಾಡದ ಈ ಹೊತ್ತಿನಲ್ಲಿ.

ಸಕ್ಕರೆ, ಉಪ್ಪುಗಳ ಕಥೆ ಬೇರೆ. ನೀರಿನಲ್ಲಿ ಕರಗಿದ ಕಣಗಳು ಹೆಚ್ಚಿದಷ್ಟೂ ಗಡ್ಡೆಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ, ಮತ್ತು ಇಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ತೂಕಕ್ಕಿಂತ ಅವುಗಳ ಸಂಖ್ಯೆ. ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ ಹಾಕಿದರೆ ಅರ್ಧ ಡಿಗ್ರಿಯಷ್ಟು ಮಾತ್ರ ಇಳಿಯುವುದು, ಅಷ್ಟೇ ತೂಕದ ಉಪ್ಪು ಹಾಕಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ; ಏಕೆಂದರೆ ಉಪ್ಪಿನ ಕಣ ಬಹಳ ಹಗುರ, ಸಾಲದ್ದಕ್ಕೆ ನೀರಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಹಾಲು ಗಡ್ಡೆಗಟ್ಟಲು ತೊಡಗುವುದು ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟು ಕೆಳಗೆ, ಮತ್ತು ಈ ಅಂಕಿ ಎಷ್ಟು ಸ್ಥಿರವೆಂದರೆ ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂಬುದನ್ನು ಡೈರಿಗಳಲ್ಲಿ ಇದರಿಂದಲೇ ಪತ್ತೆ ಹಚ್ಚುತ್ತಾರೆ.

ಅರ್ಧ ಡಿಗ್ರಿಯೇ ಆದರೆ ಶರಬತ್ತಿಗೆ ಅಷ್ಟು ಹೊತ್ತೇಕೆ ಎಂದು ಕೇಳಬಹುದು. ಮಂಜಿನ ಹರಳು ತನ್ನೊಳಗೆ ಸಕ್ಕರೆಯನ್ನು ಸೇರಿಸಿಕೊಳ್ಳುವುದಿಲ್ಲ. ಲೋಟದ ಅಂಚಿನಲ್ಲಿ ನೀರು ಗಟ್ಟಿಯಾಗುತ್ತಾ ಬಂದಂತೆ ಸಕ್ಕರೆಯೆಲ್ಲ ನಡುವಿನತ್ತ ಸರಿಯುತ್ತದೆ, ಉಳಿದ ದ್ರವ ಪಾಕದಂತೆ ಗಾಢವಾಗುತ್ತಾ ಹೋಗಿ ಇನ್ನೂ ಹೆಚ್ಚಿನ ಚಳಿಯನ್ನು ಬೇಡುತ್ತದೆ. ನಮ್ಮ ಮೊದಲ ಕ್ಯಾಂಡಿಗಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದಾಗ ಸುತ್ತ ಬಿಳಿಯ ಗಾಜಿನಂಥ ಪದರ, ನಡುವೆ ಹಳದಿಯ ಮೆತ್ತನೆಯ ತಿರುಳು ಕಾಣಿಸಿತು. ‘ಹೊರಗೆ ಸಪ್ಪೆ, ಒಳಗೆ ಸಿಹಿ’ ಎಂದು ಮಕ್ಕಳು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ಈಗ ಶರಬತ್ತನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ತಣಿಸಿ, ತೆಳುವಾದ ಅಲ್ಯೂಮಿನಿಯಂ ಅಚ್ಚುಗಳಲ್ಲಿ ಫ್ರೀಜರಿನ ಗೋಡೆಗೆ ತಗುಲಿಸಿ ಇಡುತ್ತೇವೆ. ಬೇಗ ಗಟ್ಟಿಯಾಗುವುದರಿಂದ ಸಕ್ಕರೆಗೆ ಒಳಗೆ ಸರಿಯಲು ಸಮಯ ಸಿಗುವುದಿಲ್ಲ, ರುಚಿ ತುದಿಯಿಂದ ಬುಡದವರೆಗೆ ಒಂದೇ ಸಮ ಇರುತ್ತದೆ.

ಫ್ರೀಜರಿನ ಕೊರತೆಗಳನ್ನೂ ಹೇಳಬೇಕು. ಗುಂಡಿಯ ಮೇಲೆ 1ರಿಂದ 7ರವರೆಗಿನ ಅಂಕಿಗಳಿವೆಯೇ ಹೊರತು ಒಳಗಿನ ಉಷ್ಣತೆಯನ್ನು ತೋರಿಸುವ ವ್ಯವಸ್ಥೆಯಿಲ್ಲ. ಗೋಡೆಗೆ ಕಟ್ಟುವ ಹಿಮವನ್ನು ತಿಂಗಳಿಗೊಮ್ಮೆ ನಾವೇ ಕರಗಿಸಬೇಕು. ನೀರು ಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆಂಬ ಎಚ್ಚರಿಕೆ ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ ಎಲ್ಲಿಯೂ ಇಲ್ಲ. ಕಂಠದವರೆಗೆ ತುಂಬಿಟ್ಟಿದ್ದ ನಮ್ಮ ಎರಡು ಗಾಜಿನ ಬಾಟಲಿಗಳು ಒಡೆದು, ಆ ದಿನದ ಕುಲ್ಫಿಯನ್ನೆಲ್ಲ ಚೆಲ್ಲಬೇಕಾಯಿತು.

ಮುಚ್ಚಳ ಮಾತ್ರ ಬಹಳ ಭದ್ರವಾಗಿದೆ, ಮಳೆಗಾಲದಲ್ಲಿ ಕರೆಂಟು ನಾಲ್ಕೈದು ಗಂಟೆ ಹೋದಾಗ ಅದರ ಬೆಲೆ ತಿಳಿಯುತ್ತದೆ. ಆ ಹೊತ್ತಿಗೆಂದು ಮೊದಲು ನೀರಿನ ಬಾಟಲಿಗಳನ್ನು ಗಡ್ಡೆ ಮಾಡಿ ಇಡುತ್ತಿದ್ದೆವು. ಅವು ಸೊನ್ನೆಯಲ್ಲಿ ಕರಗುತ್ತವೆ, ಕ್ಯಾಂಡಿ ಅದಕ್ಕೂ ಮೊದಲೇ ಕರಗುತ್ತದೆ; ಹಾಗಾಗಿ ಬಾಟಲಿ ಗಟ್ಟಿಯಾಗಿದ್ದರೂ ಕ್ಯಾಂಡಿ ಉಳಿಯುತ್ತಿರಲಿಲ್ಲ. ಲೀಟರಿಗೆ 100 ಗ್ರಾಂ ಉಪ್ಪು ಹಾಕಿದ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ತಳದಲ್ಲಿ ಮತ್ತು ಬದಿಗಳಲ್ಲಿ ಇಡತೊಡಗಿದ ಮೇಲೆ ಆ ತೊಂದರೆ ತಪ್ಪಿತು. ಅವು −6 ಡಿಗ್ರಿಗೂ ಕೆಳಗೆಯೇ ನಿಧಾನವಾಗಿ ಕರಗುತ್ತಾ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತವೆ. ಕಳೆದ ಆಷಾಢದಲ್ಲಿ ಐದು ಗಂಟೆ ಕರೆಂಟಿಲ್ಲದೆ ಕಳೆದ ಸಂಜೆ ಮುಚ್ಚಳ ತೆಗೆದು ನೋಡಿದಾಗ ಒಂದು ಕ್ಯಾಂಡಿಯೂ ಕಡ್ಡಿ ಬಿಟ್ಟಿರಲಿಲ್ಲ.