ತೊಟ್ಟಿಯಲ್ಲಿ ಕಡಲು: ‘ದ ಮರ್ಮೇಡ್ ಆಫ್ ಬ್ಲ್ಯಾಕ್ ಕಾಂಕ್’

ಮುಖಪುಟದ ಮತ್ಸ್ಯಕನ್ಯೆಯನ್ನು ನೋಡಿ ಮಕ್ಕಳಿಗೆಂದು ಕೊಳ್ಳಬೇಡಿ. ಟ್ರಿನಿಡಾಡ್ ಮೂಲದ ಮೊನೀಕ್ ರಾಫಿಯ ಈ ಕಾದಂಬರಿ (2020) ಕೆರಿಬಿಯನ್ನಿನ ಕಲ್ಪಿತ ದ್ವೀಪವೊಂದರಲ್ಲಿ, 1976ರಲ್ಲಿ ನಡೆಯುತ್ತದೆ. ಇಲ್ಲಿ ಅರ್ಧ ಕಥೆ ಹೇಳುವುದು ಮನೆಬಳಕೆಯ ಸಾಮಾನುಗಳೇ.

ದೋಣಿಯ ಎಂಜಿನ್ನನ್ನೇ ನೋಡಿ. ಬೆಸ್ತ ಡೇವಿಡ್ ಗಿಟಾರ್ ಹಿಡಿದು ಹಾಡಿದರೆ, ಹಿಂದೊಮ್ಮೆ ಶಾಪಕ್ಕೆ ಸಿಕ್ಕಿ ಮತ್ಸ್ಯಕನ್ಯೆಯಾದ ಅಯ್ಕಾಯಿಯಾ ನೀರಿನಿಂದ ತಲೆಯೆತ್ತುತ್ತಾಳೆ. ಬರಬರುತ್ತ ಅವನ ದೋಣಿಯ ಎಂಜಿನ್ನಿನ ಸದ್ದೂ ಅವಳಿಗೆ ಗುರುತಾಗುತ್ತದೆ. ಒಂದು ದಿನ ಆ ಸದ್ದಿನ ಹಿಂದೆಯೇ ಹೋಗಿ, ಮೀನು ಹಿಡಿಯುವ ಸ್ಪರ್ಧೆಗೆ ಬಂದ ಅಮೆರಿಕನ್ನರ ಗಾಳಕ್ಕೆ ಬೀಳುತ್ತಾಳೆ. ಅವರು ಅವಳನ್ನು ಜೆಟ್ಟಿಯಲ್ಲಿ ನೇತುಹಾಕುತ್ತಾರೆ. ಸಲಿಗೆಯೇ ಉರುಳಾಯಿತೆಂದು ಲೇಖಕಿ ಬಾಯಿಬಿಟ್ಟು ಹೇಳುವುದಿಲ್ಲ.

ಪುಸ್ತಕದ ಜೀವ ಇರುವುದು ಸ್ನಾನದ ತೊಟ್ಟಿಯಲ್ಲಿ. ಡೇವಿಡ್ ಅವಳನ್ನು ಬಿಡಿಸಿ, ಕೈಗಾಡಿಯಲ್ಲಿ ಮನೆಗೆ ತಂದು, ಉಪ್ಪುನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸುತ್ತಾನೆ. ಕಡಲಿಡೀ ಈಜಿದವಳಿಗೆ ಅದು ಆಸ್ಪತ್ರೆಯೂ ಹೌದು, ಸೆರೆಯೂ ಹೌದು. ಬಾಲ ಮಂತ್ರಕ್ಕೆ ಮಾಯವಾಗದೆ ಕೊಳೆತು ಕಳಚುತ್ತದೆ. ನಾತವನ್ನೂ ಲೇಖಕಿ ಬಿಟ್ಟಿಲ್ಲ, ಹಾಗಾಗಿ ನಂಬಿಕೆ ಬರುತ್ತದೆ. ಆಮೇಲೆ ಬೂಟು: ಕಾಲು ಬಂದ ಮಾತ್ರಕ್ಕೆ ನೆಲ ಒಗ್ಗುವುದಿಲ್ಲ, ನಡೆಯಲು ಕಲಿಯಬೇಕು.

ಗುಡ್ಡದ ಮೇಲಿನ ದೊಡ್ಡ ಮನೆ ಊರಿನ ನೆಲದ ಒಡತಿ, ಬಿಳಿಯ ಮಿಸ್ ರೇನ್‌ಳದು. ಗುಲಾಮಗಿರಿಯ ಕಾಲದ ಲೆಕ್ಕ ಅಲ್ಲಿನ್ನೂ ಚುಕ್ತಾ ಆಗಿಲ್ಲ. ಅಯ್ಕಾಯಿಯಾ ಕೇಳುವ ಪ್ರಶ್ನೆ ಅದಕ್ಕೂ ಹಿಂದಿನದು: ದ್ವೀಪದ ಮೂಲ ನಿವಾಸಿಗಳಾದ ತನ್ನ ಜನ ಎಲ್ಲಿ? ಅವಳಿಗೆ ಬೇಗ ಹತ್ತಿರವಾಗುವವನು ಆ ಮನೆಯ ಕಿವುಡ ಹುಡುಗ ರೆಜಿ; ಅವರ ನಡುವೆ ಕೈಸನ್ನೆಯ ಭಾಷೆ.

ಸಡಿಲಾಗುವುದು ಕೊನೆಯಲ್ಲಿ. ತೊಟ್ಟಿ, ಬೂಟು ಮೊದಲು ಕೆಲಸಕ್ಕೆ ಬಂದ ವಸ್ತುಗಳು, ಅರ್ಥ ಆಮೇಲೆ ಅಂಟಿಕೊಂಡದ್ದು. ಚಂಡಮಾರುತ ಮಾತ್ರ ಅರ್ಥವನ್ನು ಹೊತ್ತುಕೊಂಡೇ ಬರುತ್ತದೆ. ಹೊಟ್ಟೆಕಿಚ್ಚಿನ ನೆರೆಯವಳು ಪ್ರಿಸಿಲ್ಲಾಳನ್ನೂ ಬರೇ ಕೆಡುಕಿಯಾಗಿಸಿದ್ದು ನಷ್ಟವೇ.

ಮೊದಲು ಪ್ರಕಟಿಸಿದ್ದು ಲೀಡ್ಸ್‌ನ ಪೀಪಲ್ ಟ್ರೀ ಪ್ರೆಸ್. ಕೂಲಿಗೆಂದು ಕೆರಿಬಿಯನ್‌ಗೆ ಹೋದ ಭಾರತೀಯರು ಅಲ್ಲಿ ನೆಟ್ಟ ಅರಳಿ ಮರದ ಹೆಸರು ಅದಕ್ಕೆ. ಬ್ರಿಟನ್ನಿನ 2020ರ ಕೋಸ್ಟಾ ವರ್ಷದ ಪುಸ್ತಕ ಪ್ರಶಸ್ತಿಯೂ ಈ ಕಾದಂಬರಿಗೇ ಬಂತು.

ನಿರೂಪಣೆಯ ದನಿ ಮೂರು: ಕಥೆ ಹೇಳುವವರದು, ದಶಕಗಳ ನಂತರ ಡೇವಿಡ್ ಬರೆದ ಡೈರಿಯದು, ಅಯ್ಕಾಯಿಯಾಳ ತುಂಡು ಸಾಲಿನ ಪದ್ಯದ್ದು. ಡೈರಿಯ ಇಂಗ್ಲಿಷ್ ಆ ನೆಲದ ಆಡುಮಾತು. ಕ್ರಿಯಾಪದಗಳು ತಪ್ಪಾಗಿ ಕಂಡರೆ ಅಚ್ಚಿನ ದೋಷವೆಂದುಕೊಳ್ಳಬೇಡಿ, ಒಂದೆರಡು ಪುಟ ಗಟ್ಟಿಯಾಗಿ ಓದಿ, ಕಿವಿಗೆ ಹತ್ತುತ್ತದೆ. ಅವಸರದವರು ಹಾರಿಸುವುದು ಪದ್ಯವನ್ನೇ. ಅವಳ ಹಾಡು, ಕುಣಿತಕ್ಕೆ ಕರುಬಿದ ಹೆಂಗಸರು ಕೊಟ್ಟ ಶಾಪವನ್ನು ಅವಳ ಬಾಯಲ್ಲೇ ಕೇಳಲು ಸಿಗುವುದು ಅಲ್ಲಿ.